ಮನೆಯ ಬಂದೂಕು, ಶಾಲೆಯ ಮಕ್ಕಳು

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದ ದಿನ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. 'ಅಲ್ಲಿ ಬಂದೂಕು ಅಂಗಡಿಯಲ್ಲಿ ಬೆಲ್ಲ ಸಿಕ್ಕ ಹಾಗೆ ಸಿಗುತ್ತದಂತೆ, ನಮ್ಮಲ್ಲಿ ಆ ಭಯವಿಲ್ಲ ಬಿಡಿ' ಎನ್ನುವವರು ಕೆಲವರು. ಮಗ, ಸೊಸೆ ಅಲ್ಲಿದ್ದು ಮೊಮ್ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಿರುವ ಹಿರಿಯರ ಪಾಡು ಬೇರೆ. ಅವರಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬಿ.ಪಿ. ತೋರಿಸಲು ಬರುತ್ತಾರೆ. ದಾವಣಗೆರೆ, ಹರಿಹರಗಳಲ್ಲಿ ಇಂಜಿನಿಯರಿಂಗ್ ಓದಿ ಹೊರದೇಶಕ್ಕೆ ಹೋದವರು ಬಹಳ. ಕೊಕ್ಕನೂರಿನಂಥ ನಾಲೆ ಬಯಲಿನ ಹಳ್ಳಿಗಳಿಗೂ ಈಗ ಆ ದೇಶ ದೂರವಿಲ್ಲ.

ಆರೋಗ್ಯದ ಅಂಕಣದಲ್ಲಿ ಬಂದೂಕಿನ ಮಾತೇಕೆ ಎಂದು ನೀವು ಕೇಳಬಹುದು. ಒಂದು ಕಾರಣ ಹೇಳುತ್ತೇನೆ. ಅಮೆರಿಕದಲ್ಲಿ 1ರಿಂದ 19 ವರ್ಷದೊಳಗಿನವರ ಸಾವಿಗೆ 2020ರಿಂದೀಚೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕು. ರಸ್ತೆ ಅಪಘಾತ, ಕ್ಯಾನ್ಸರ್ ಎಲ್ಲವನ್ನೂ ಅದು ಹಿಂದೆ ಹಾಕಿತು. 2024ರ ಜೂನ್‌ನಲ್ಲಿ ಆ ದೇಶದ ಸರ್ಜನ್ ಜನರಲ್ ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟೆಂದು ಘೋಷಿಸಿದರು. ಸೊಳ್ಳೆಯಿಂದ ಬರುವ ಜ್ವರದ ಬಗ್ಗೆ ಮಾತನಾಡುವಾಗ ನಾವು ರೋಗಿಯನ್ನಷ್ಟೇ ನೋಡುವುದಿಲ್ಲ, ನಿಂತ ನೀರನ್ನೂ ನೋಡುತ್ತೇವೆ. ಬಂದೂಕಿನ ವಿಚಾರವನ್ನೂ ವೈದ್ಯರು ಅದೇ ರೀತಿ ನೋಡುತ್ತಾರೆ.

ಹಕ್ಕಿನ ಜಗಳ ಏನು?

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಇಟ್ಟುಕೊಳ್ಳುವುದನ್ನು ಪ್ರಜೆಗಳ ಹಕ್ಕೆಂದು ಹೇಳುತ್ತದೆ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. 'ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ನಮ್ಮ ರಕ್ಷಣೆ ನಮ್ಮ ಕೈಯಲ್ಲಿರಬೇಕು' ಎಂಬುದು ಹಕ್ಕಿನ ಪರ ಇರುವವರ ವಾದ. 'ಬಂದೂಕು ಹೆಚ್ಚಿದಷ್ಟೂ ಸಾವು ಹೆಚ್ಚು, ಮಕ್ಕಳ ಪ್ರಾಣಕ್ಕಿಂತ ಹಕ್ಕು ದೊಡ್ಡದಲ್ಲ' ಎಂಬುದು ಎದುರಿನವರ ವಾದ. 1999ರಲ್ಲಿ ಕೊಲಂಬೈನ್ ಶಾಲೆ, 2007ರಲ್ಲಿ ವರ್ಜೀನಿಯಾ ಟೆಕ್, 2012ರಲ್ಲಿ ಸ್ಯಾಂಡಿ ಹುಕ್, 2022ರಲ್ಲಿ ಯುವಾಲ್ಡಿ - ಪ್ರತಿ ದುರಂತದ ನಂತರವೂ ಈ ವಾದ ಭುಗಿಲೆದ್ದಿದೆ. ಸ್ಯಾಂಡಿ ಹುಕ್‌ನಲ್ಲಿ ಸತ್ತವರಲ್ಲಿ 20 ಮಂದಿ ಆರೇಳು ವರ್ಷದ ಕಂದಮ್ಮಗಳು.

ಬ್ರಿಟನ್ ಬೇರೆ ದಾರಿ ಹಿಡಿಯಿತು. 1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ 16 ಮಕ್ಕಳು ಮತ್ತು ಒಬ್ಬ ಶಿಕ್ಷಕಿ ಗುಂಡಿಗೆ ಬಲಿಯಾದರು. ಮರುವರ್ಷವೇ ಅಲ್ಲಿನ ಸರ್ಕಾರ ಕೈಪಿಸ್ತೂಲುಗಳನ್ನು ಜನರು ಇಟ್ಟುಕೊಳ್ಳದಂತೆ ಕಾನೂನು ಮಾಡಿತು. ಅಂಥ ಘಟನೆ ಬ್ರಿಟನ್ನಿನ ಶಾಲೆಯಲ್ಲಿ ಮತ್ತೆ ನಡೆದಿಲ್ಲ.

ನಮ್ಮಲ್ಲಿ ಕಾನೂನು ಹೇಗಿದೆ?

ಭಾರತದಲ್ಲಿ ಬಂದೂಕು ಯಾರ ಹಕ್ಕೂ ಅಲ್ಲ. ಸರ್ಕಾರ ಪರವಾನಗಿ ಕೊಟ್ಟರೆ ಮಾತ್ರ ಇಟ್ಟುಕೊಳ್ಳಬಹುದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 2016ರ ನಿಯಮಗಳ ಪ್ರಕಾರ ಅರ್ಜಿಯ ಜೊತೆ ವೈದ್ಯರ ಸರ್ಟಿಫಿಕೇಟೂ ಬೇಕು. ಅರ್ಜಿದಾರನ ದೇಹಸ್ಥಿತಿ, ಮನಸ್ಥಿತಿ ಹೇಗಿದೆ, ಕುಡಿತ ಅಥವಾ ಮಾದಕವಸ್ತುವಿನ ದಾಸನೇ ಎಂಬುದನ್ನು ವೈದ್ಯರು ಅದರಲ್ಲಿ ಬರೆಯಬೇಕು. 'ನಮ್ಮವರೇ ಡಾಕ್ಟ್ರೇ, ಒಂದು ಸಹಿ ಹಾಕಿಬಿಡಿ' ಎಂದು ಈ ಕಾಗದವನ್ನು ಚಾಚಬಾರದು. ವೈದ್ಯರೂ ನೋಡದೆ ಸಹಿ ಮಾಡಬಾರದು.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಅಪವಾದವಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಅದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿ ಅರ್ಜಿ ಹಾಕಲಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಅಂದರೆ ಬಂದೂಕಿನ ಹಕ್ಕಿನ ಚರ್ಚೆ ನಮ್ಮ ನೆಲದಲ್ಲೂ ನಡೆದಿದೆ, ನ್ಯಾಯಾಲಯದವರೆಗೂ ಹೋಗಿದೆ. ಕೋವಿ ಅಲ್ಲಿ ಹಿರಿಯರ ಗೌರವದ ವಸ್ತು, ಅದಕ್ಕೊಂದು ಕಟ್ಟುಪಾಡಿದೆ ಎಂಬುದನ್ನು ಒಪ್ಪೋಣ. ಆದರೆ ವೈದ್ಯನ ಕಣ್ಣಿಗೆ ಇನ್ನೊಂದು ವಿಷಯ ಕಾಣುತ್ತದೆ. ಯಾವ ಊರಿನ, ಯಾವ ಕುಲದ ಕೋವಿಯಾದರೂ ತನ್ನನ್ನು ಹಿಡಿದಿರುವುದು ದೊಡ್ಡವರ ಕೈಯೋ ಮಗುವಿನ ಕೈಯೋ ಎಂದು ಅದಕ್ಕೆ ತಿಳಿಯುವುದಿಲ್ಲ.

ನಮ್ಮಲ್ಲಿ ಇಂಥದು ನಡೆದಿಲ್ಲವೇ?

ನಡೆದಿದೆ. 2007ರ ಡಿಸೆಂಬರ್‌ನಲ್ಲಿ ದೆಹಲಿ ಪಕ್ಕದ ಗುರಗಾಂವ್‌ನ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನನ್ನು ಇಬ್ಬರು ಸಹಪಾಠಿಗಳು ಗುಂಡಿಟ್ಟು ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. 2024ರ ಜುಲೈ ಕೊನೆಯಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿ ಓದುವ ಐದು ವರ್ಷದ ಮಗು ಶಾಲೆಯ ಚೀಲದಲ್ಲಿ ಪಿಸ್ತೂಲು ತಂದು ಮೂರನೇ ತರಗತಿಯ ಹುಡುಗನ ಮೇಲೆ ಹಾರಿಸಿತು. ಗುಂಡು ಕೈಗೆ ತಗುಲಿ ಆ ಹುಡುಗ ಬದುಕಿದ. 2025ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೇ ತರಗತಿಯ ಹುಡುಗ ಊಟದ ಡಬ್ಬಿಯಲ್ಲಿ ಪಿಸ್ತೂಲು ಅಡಗಿಸಿ ತಂದು ಮೇಷ್ಟರಿಗೆ ಹೊಡೆದ. ಮೇಷ್ಟರು ಕೆನ್ನೆಗೆ ಬಾರಿಸಿದ್ದರೆಂಬ ಸಿಟ್ಟು ಅವನಿಗಿತ್ತು ಎಂದು ವರದಿಯಾಯಿತು.

ಕರ್ನಾಟಕದ ಮಾತಿಗೆ ಬರೋಣ. 2015ರ ಮಾರ್ಚ್ ಕೊನೆಯ ರಾತ್ರಿ ಬೆಂಗಳೂರಿನ ಕಾಡುಗೋಡಿಯ ವಿದ್ಯಾರ್ಥಿನಿಲಯವೊಂದರಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗಿ ಗುಂಡಿಗೆ ಬಲಿಯಾದಳು. ಹೊಡೆದವನು ಅದೇ ಸಂಸ್ಥೆಯ ನೌಕರ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಚಾಕು ಇರಿತಕ್ಕೆ ಬಲಿಯಾದಳು. 2025ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಆಟವಾಡುತ್ತಿದ್ದ ಹುಡುಗರಲ್ಲಿ ಸಣ್ಣ ಜಗಳವಾಯಿತು. ಚಿಕ್ಕ ಹುಡುಗ ಮನೆಗೆ ಓಡಿ ಚಾಕು ತಂದ, ದೊಡ್ಡ ಹುಡುಗನ ಪ್ರಾಣ ಹೋಯಿತು.

ಬಂದೂಕಿನಿಂದ ಸಾವು ಆಗಲು ಸಿಟ್ಟೇ ಇರಬೇಕೆಂದಿಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹದಿಹರೆಯದ ಹುಡುಗನೊಬ್ಬ ಅಲ್ಲಿದ್ದ ಬಂದೂಕನ್ನು ಆಟಕ್ಕೆಂದು ಕೈಗೆತ್ತಿಕೊಂಡ. ಗುಂಡು ಹಾರಿ ಕೂಲಿಕಾರ್ಮಿಕರ ಪುಟ್ಟ ಮಗು ಸತ್ತಿತು, ತಾಯಿಗೂ ಗಾಯವಾಯಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಆಯುಧ ಬಂದದ್ದು ಎಲ್ಲಿಂದ? ಹೆಚ್ಚಿನವುಗಳಲ್ಲಿ ಮಗು ಅದಕ್ಕಾಗಿ ದೂರ ಹೋಗಲೇ ಇಲ್ಲ. ಅಪ್ಪನ ಬೀರು, ಅಡುಗೆಮನೆ, ಕೆಲಸದ ಜಾಗದ ಗೋಡೆ - ಅಷ್ಟು ಹತ್ತಿರದಲ್ಲಿ ಅದು ಇತ್ತು. ಅಮೆರಿಕದಲ್ಲೂ ಹೀಗೆಯೇ. 2008ರಿಂದ 2017ರವರೆಗೆ ಅಲ್ಲಿನ ಶಾಲೆಗಳಲ್ಲಿ ನಡೆದ 41 ದಾಳಿಗಳನ್ನು ಸೀಕ್ರೆಟ್ ಸರ್ವಿಸ್ ಪರಿಶೀಲಿಸಿತು. ಬಂದೂಕು ಬಳಸಿದ ಪ್ರಕರಣಗಳ ಪೈಕಿ ಸುಮಾರು ನಾಲ್ಕರಲ್ಲಿ ಮೂರರಲ್ಲಿ ಅದು ತಂದೆತಾಯಿಯ ಅಥವಾ ಹತ್ತಿರದ ನೆಂಟರ ಮನೆಯದೇ ಆಗಿತ್ತು.

ಹತ್ತು ನಿಮಿಷದ ಸಿಟ್ಟು

ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಲಗಾಮಿನಂಥ ಒಂದು ಭಾಗವಿದೆ. 'ತಡಿ, ಮುಂದೇನಾಗುತ್ತದೆ ಯೋಚಿಸು' ಎಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಅದು. ಈ ಭಾಗ ಪೂರ್ತಿ ಬಲಿಯುವುದು ಸುಮಾರು ಇಪ್ಪತ್ತೈದನೇ ವಯಸ್ಸಿಗೆ. ಸಿಟ್ಟು, ಅವಮಾನ, ಭಯಗಳನ್ನು ಹುಟ್ಟಿಸುವ ಒಳಭಾಗ ಮಾತ್ರ ಹದಿಮೂರು ಹದಿನಾಲ್ಕಕ್ಕೇ ಚುರುಕಾಗಿರುತ್ತದೆ. ಎತ್ತಿಗೆ ಬಲ ಬಂದಿದೆ, ಮೂಗುದಾರ ಇನ್ನೂ ಬಿದ್ದಿಲ್ಲ ಎನ್ನುತ್ತೇವಲ್ಲ, ಹಾಗೆ. ಈ ವಯಸ್ಸಿನ ಮಗು ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರ ಸಿಟ್ಟು ಬೇಗ ಏರುತ್ತದೆ, ಬೇಗ ಇಳಿಯುತ್ತದೆ.

ಆ ಏರಿಳಿತದ ನಡುವಿನ ಹೊತ್ತು ಎಷ್ಟು ಚಿಕ್ಕದೆಂದು ನೋಡಿ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್‌ನ ವೈದ್ಯರು ಮಾತನಾಡಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಯೋಚನೆ ಬಂದದ್ದಕ್ಕೂ ಯತ್ನಕ್ಕೂ ನಡುವೆ ಇದ್ದ ಅಂತರ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ! ಆ ಹತ್ತು ನಿಮಿಷದಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಏನೂ ಸಿಗದಿದ್ದರೆ ಮಗು ಬಾಗಿಲು ಬಡಿದು, ಅತ್ತು, ಮಲಗಿ, ಬೆಳಿಗ್ಗೆ ಎದ್ದು ತಿಂಡಿ ಕೇಳುತ್ತದೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನೇ ತೆಗೆದುಕೊಂಡವರು ಎಂಬುದನ್ನು ಶಾಲೆಯ ದಾಳಿಗಳ ಸುದ್ದಿಯ ನಡುವೆ ನಾವು ಮರೆಯುತ್ತೇವೆ.

ಆದ್ದರಿಂದ ಹಕ್ಕಿನ ಪರವೋ ವಿರೋಧವೋ ಎಂಬ ವಾದ ಮುಗಿಯುವವರೆಗೆ ತಂದೆತಾಯಿ ಕಾಯಬೇಕಾಗಿಲ್ಲ. ಸಿಟ್ಟಿಗೂ ಆಯುಧಕ್ಕೂ ನಡುವೆ ಒಂದು ಬೀಗ ಹಾಕುವ ಅಧಿಕಾರ ಪ್ರತಿ ಮನೆಯ ಯಜಮಾನನಿಗೂ ಯಜಮಾನಿಗೂ ಇಂದೇ ಇದೆ.

ಬಂದೂಕು ಇರುವ ಮನೆಯವರಿಗೆ

ಕಾಡುಹಂದಿ ಕಾಟಕ್ಕೆಂದು, ತೋಟದ ಕಾವಲಿಗೆಂದು, ಹಿರಿಯರಿಂದ ಬಂದದ್ದೆಂದು ಪರವಾನಗಿಯ ಬಂದೂಕು ಇಟ್ಟುಕೊಂಡ ಮನೆಗಳು ಮಲೆನಾಡಿನಲ್ಲೂ ಅದರ ಅಂಚಿನ ಊರುಗಳಲ್ಲೂ ಇವೆ. ಅವರು ಈ ಕೆಳಗಿನವನ್ನು ತಪ್ಪದೆ ಪಾಲಿಸಬೇಕು.

1. ಬಂದೂಕನ್ನು ಗೋಡೆಗೆ ತೂಗುಹಾಕಬೇಡಿ, ಹಾಸಿಗೆಯ ಕೆಳಗೆ ಇಡಬೇಡಿ. ತೋಟೆ ತೆಗೆದು, ನಳಿಗೆ ಖಾಲಿ ಇದೆಯೆಂದು ನೋಡಿ, ಬೀಗವಿರುವ ಕಬ್ಬಿಣದ ಬೀರುವಿನಲ್ಲಿಡಿ.

2. ತೋಟೆಗಳನ್ನು ಬೇರೆ ಜಾಗದಲ್ಲಿ, ಬೇರೆ ಬೀಗದಲ್ಲಿಡಿ. ಖಾಲಿಯಾಗಿಡುವುದು, ಬೀಗ ಹಾಕುವುದು, ಗುಂಡನ್ನು ಬೇರೆ ಇಡುವುದು - ಈ ಕ್ರಮಗಳಲ್ಲಿ ಒಂದೊಂದೂ ಮನೆಯ ಮಕ್ಕಳಿಗಾಗುವ ಅಪಾಯವನ್ನು ಕಡಿಮೆ ಮಾಡುತ್ತದೆಂದು 2005ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ.

3. ಬೀಗದ ಕೈ ನಿಮ್ಮ ಉಡಿದಾರದಲ್ಲೋ ಜೇಬಿನಲ್ಲೋ ಇರಲಿ. ದೇವರ ಗೂಡಿನಲ್ಲಿ, ಗಡಿಯಾರದ ಹಿಂದೆ ಇಟ್ಟರೆ ಅದು ಮಕ್ಕಳಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ವಿಚಾರಿಸಿ ನೋಡಿದರು. 'ಬಂದೂಕು ಎಲ್ಲಿದೆಯೆಂದು ನಮ್ಮ ಮಗುವಿಗೆ ಗೊತ್ತಿಲ್ಲ' ಎಂದ ತಂದೆತಾಯಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ನಮ್ಮ ಮನೆಗಳಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆಯೆಂದು ಹುಡುಕುವ ಮಕ್ಕಳು ಇದನ್ನು ಹುಡುಕಲಾರರೇ?

4. ಆಯುಧಪೂಜೆಯ ದಿನ ಬಂದೂಕಿಗೆ ಕುಂಕುಮ ಹಚ್ಚುವವರು ಹಚ್ಚಲಿ. ಆದರೆ ಮಗುವಿನ ಕೈಗೆ ಕೊಟ್ಟು ಫೋಟೋ ತೆಗೆಯಬೇಡಿ. ಪೂಜೆ ಮುಗಿದ ಕೂಡಲೇ ಒಳಗಿಟ್ಟು ಬೀಗ ಹಾಕಿ.

5. ಪರವಾನಗಿದಾರರಾಗಿದ್ದ ಅಜ್ಜನೋ ಅಪ್ಪನೋ ತೀರಿಹೋದ ಮೇಲೆ ಬಂದೂಕು ಅಟ್ಟದ ಮೇಲೆ ಉಳಿದುಬಿಡುವುದುಂಟು. ಅದು ಕಾನೂನಿಗೂ ವಿರುದ್ಧ, ಮಕ್ಕಳಿಗೂ ಅಪಾಯ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಬೇಕೆಂದರೆ ವಾರಸುದಾರರು ಆಮೇಲೆ ಪರವಾನಗಿಗೆ ಅರ್ಜಿ ಹಾಕಬಹುದು.

6. ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟಿದೆ, ಕುಡಿತ ಹೆಚ್ಚಾಗಿದೆ, ಸಾಲದ ಚಿಂತೆ ಹತ್ತಿದೆ, ಪರೀಕ್ಷೆಯಲ್ಲಿ ಮಗು ಫೇಲಾಗಿದೆ ಎಂದಾದರೆ ಆ ಕಾಲಕ್ಕೆ ಬಂದೂಕನ್ನು ಮನೆಯಿಂದಲೇ ಹೊರಗಿಡುವುದು ಒಳ್ಳೆಯದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದಿಲ್ಲವೇ? ಮನೆಯ ಕಷ್ಟಕಾಲಕ್ಕೂ ಹಾಗೆಯೇ ಠೇವಣಿ ಇಡಬಹುದು.

ಪರವಾನಗಿ ಇಲ್ಲದ ನಾಡಬಂದೂಕು ಇಟ್ಟುಕೊಳ್ಳುವುದು ಎರಡರಿಂದ ಐದು ವರ್ಷದವರೆಗೆ ಸೆರೆಮನೆಗೆ ಕಳಿಸಬಲ್ಲ ಅಪರಾಧ. ಅದರ ನಳಿಗೆ ಹೊಡೆಯುವವನ ಕೈಯಲ್ಲೇ ಸಿಡಿಯುವುದೂ ಉಂಟು.

ಬಂದೂಕು ಇಲ್ಲದ ಮನೆಯವರಿಗೆ

'ನಮ್ಮ ಮನೆಯಲ್ಲಿ ಬಂದೂಕೇ ಇಲ್ಲವಲ್ಲ' ಎಂದು ಪುಟ ತಿರುಗಿಸಬೇಡಿ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ನಮ್ಮ ಕಡೆ ಬಂದೂಕಿನ ಜಾಗದಲ್ಲಿ ಕೀಟನಾಶಕದ ಬಾಟಲಿ ಕುಳಿತಿದೆ. ಹೊಡೆದು ಉಳಿದ ಔಷಧಿಯನ್ನು ಹಟ್ಟಿಯ ಮೂಲೆಯಲ್ಲೋ ಮಂಚದ ಕೆಳಗೋ ಇಡುವುದು ರೂಢಿ. ಮಾರ್ಕ್ಸ್ ಕಡಿಮೆ ಬಂತೆಂದು ಬೈಸಿಕೊಂಡ ಹುಡುಗ, ಮೊಬೈಲ್ ಕಿತ್ತುಕೊಂಡರೆಂದು ಮುನಿದ ಹುಡುಗಿ - ಇವರ ಹತ್ತು ನಿಮಿಷಕ್ಕೆ ಅದೇ ಸಿಕ್ಕಿಬಿಡುತ್ತದೆ. ಶ್ರೀಲಂಕಾ ದೇಶ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ಸುಮಾರಿಗೆ ತುತ್ತತುದಿಯಲ್ಲಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಮುಂದಿನ ಎರಡು ದಶಕಗಳಲ್ಲಿ ಶೇಕಡಾ 70ರಷ್ಟು ಇಳಿಯಿತು. ಬೇಸಾಯ ಅಲ್ಲೇನೂ ನಿಂತುಹೋಗಲಿಲ್ಲ. ಕೈಗೆಟುಕುವುದನ್ನು ದೂರವಿಟ್ಟರೆ ಜೀವ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಔಷಧಿಗೂ ಬೀಗ ಹಾಕಿ, ಬೇಕಾದಷ್ಟೇ ತನ್ನಿ, ಉಳಿಸಬೇಡಿ. ಮಗುವಿನ ಶಾಲೆಯ ಚೀಲದಲ್ಲಿ ಚಾಕು ಕಂಡರೆ 'ಪೆನ್ಸಿಲ್ ಕೆತ್ತಲು' ಎಂಬ ಉತ್ತರಕ್ಕೆ ಸುಮ್ಮನಾಗದೆ ಕೂತು ಮಾತನಾಡಿ.

ಮಕ್ಕಳು ಮುಂಚೆಯೇ ಹೇಳುತ್ತಾರೆ

ಇಂಥ ದಾಳಿ ಸಿಡಿಲಿನಂತೆ ಬಂದೆರಗುತ್ತದೆಂದು ನಾವು ತಿಳಿದಿದ್ದೇವೆ. ಹಾಗಲ್ಲ. 1974ರಿಂದ 2000ದವರೆಗಿನ ಇಂಥ 37 ಘಟನೆಗಳನ್ನು ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. ನೂರಕ್ಕೆ 81 ಘಟನೆಗಳಲ್ಲಿ ಹುಡುಗ ಏನೋ ಮಾಡಲಿದ್ದಾನೆಂದು ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು. ಹೆಚ್ಚಾಗಿ ಆ ಒಬ್ಬರು ಗೆಳೆಯನೋ ಸಹಪಾಠಿಯೋ ಆಗಿದ್ದರು. ನೂರಕ್ಕೆ 71 ದಾಳಿಕೋರರು ಇತರರ ಕಾಟ, ಹೀಯಾಳಿಕೆಗೆ ಗುರಿಯಾಗಿದ್ದವರು. ನೂರಕ್ಕೆ 78 ಮಂದಿಗೆ ಹಿಂದೆ ಸಾಯುವ ಯೋಚನೆ ಬಂದಿತ್ತು ಅಥವಾ ಅವರು ಅದಕ್ಕೆ ಯತ್ನಿಸಿದ್ದರು. ಆದ್ದರಿಂದ ಈ ಲಕ್ಷಣಗಳನ್ನು ಹಗುರವಾಗಿ ಕಾಣಬೇಡಿ:

- 'ಅವನನ್ನು ಮುಗಿಸಿಬಿಡುತ್ತೇನೆ', 'ನಾನಿನ್ನು ಇರುವುದಿಲ್ಲ' ಎಂಬ ಮಾತು, ಬರಹ, ಚಿತ್ರ, ಮೊಬೈಲ್ ಸಂದೇಶ.
- ಶಾಲೆಗೆ ಹೋಗಲು ಹಠಾತ್ತಾಗಿ ಒಲ್ಲೆ ಎನ್ನುವುದು. ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ನೋವಿಲ್ಲ.
- ಹರಿದ ಅಂಗಿ, ಕಳೆದ ಪುಸ್ತಕ, ಕಾರಣ ಹೇಳದ ಗಾಯ.
- ಗೆಳೆಯರನ್ನು ಬಿಟ್ಟು ಒಂಟಿಯಾಗುವುದು, ಊಟ ನಿದ್ದೆ ಕೆಡುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು.
- ಆಯುಧಗಳ ಬಗ್ಗೆ ಹಗಲೂ ರಾತ್ರಿ ಅದೇ ಮಾತು.

ಇವುಗಳಲ್ಲಿ ಒಂದು ಕಂಡರೆ ಮಗು ಕೊಲೆಗಾರನಾಗುತ್ತದೆಂದು ಬೆಚ್ಚಬೇಡಿ. ಬಹುಪಾಲು ಮಕ್ಕಳು ಯಾರಿಗೂ ಏನೂ ಮಾಡುವುದಿಲ್ಲ, ಒಳಗೇ ಬೇಯುತ್ತಾರೆ. ಮಾನಸಿಕ ಕಾಯಿಲೆ ಇದ್ದವರೆಲ್ಲ ಅಪಾಯಕಾರಿ ಎಂಬುದೂ ತಪ್ಪು ತಿಳಿವಳಿಕೆ. ಅವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು. ನೀವು ಮಾಡಬೇಕಾದ್ದು ಇಷ್ಟೇ: ಟಿ.ವಿ. ಆರಿಸಿ, ಪಕ್ಕ ಕೂತು, ಬೈಯದೆ ಕೇಳಿ. 'ಸಾಯಬೇಕು ಅನ್ನಿಸುತ್ತದೆಯೇ?' ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನೀವೇ ಹುಟ್ಟಿಸಿದಂತಾಗುತ್ತದೆಂಬ ಹೆದರಿಕೆ ಬೇಡ. ಕೇಳಿದರೆ ಮಗುವಿನ ಎದೆಭಾರ ಇಳಿಯುತ್ತದೆ. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡುತ್ತಾರೆ. ಮಕ್ಕಳ ಸಹಾಯವಾಣಿ 1098.

ಲಕ್ಷಣ ಕಂಡೂ ಕೈಕಟ್ಟಿ ಕೂತರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ. 2021ರ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಶಾಲೆಯಲ್ಲಿ 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲು ಕೆಲವೇ ದಿನಗಳ ಹಿಂದೆ ತಂದೆ ಅವನಿಗಾಗಿ ಕೊಂಡದ್ದು. ಅಂದು ಬೆಳಿಗ್ಗೆ ಅವನು ಗಣಿತದ ಹಾಳೆಯ ಮೇಲೆ ಬಂದೂಕಿನ ಚಿತ್ರ ಬರೆದದ್ದನ್ನು ಕಂಡು ಶಾಲೆಯವರು ತಂದೆತಾಯಿಯನ್ನು ಕರೆಸಿದ್ದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಚೀಲವನ್ನು ಯಾರೂ ಬಿಚ್ಚಿ ನೋಡಲಿಲ್ಲ. ಬಂದೂಕಿನ ಹಕ್ಕು ಅಷ್ಟು ಗಟ್ಟಿಯಿರುವ ಆ ದೇಶದಲ್ಲೂ 2024ರಲ್ಲಿ ನ್ಯಾಯಾಲಯ ಆ ತಂದೆತಾಯಿಗೆ 10ರಿಂದ 15 ವರ್ಷದ ಸೆರೆವಾಸ ವಿಧಿಸಿತು. ಹಕ್ಕು ಇದ್ದಲ್ಲಿ ಹೊಣೆಯೂ ಇದೆ ಎಂದಂತಾಯಿತು.

ಶಾಲೆಯವರು ಏನು ಮಾಡಬಹುದು?

ಗೇಟಿಗೆ ಕಾವಲು, ಬಂದವರ ಹೆಸರು ಬರೆಯುವ ಪುಸ್ತಕ, ಕ್ಯಾಮೆರಾ ಎಲ್ಲ ಇರಲಿ. ಆದರೆ ಚೀಲದಲ್ಲಿ ಚಾಕು ತರುವ ಮಗು ಗೇಟಿನಿಂದಲೇ, ಸಮವಸ್ತ್ರದಲ್ಲೇ ಬರುತ್ತದೆ. ಆದ್ದರಿಂದ ಮುಖ್ಯವಾದ ಕಾವಲು ತರಗತಿಯ ಒಳಗಿರಬೇಕು.

'ಚಾಡಿ ಹೇಳಬಾರದು' ಎಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಇದರ ಜೊತೆಗೆ ಇನ್ನೊಂದು ಪಾಠವನ್ನೂ ಕಲಿಸಬೇಕು. ಗೆಳೆಯನಿಗೆ ಬೈಗುಳ ಕೊಡಿಸಲು ಹೇಳುವುದು ಚಾಡಿ, ಒಂದು ಜೀವ ಉಳಿಸಲು ಹೇಳುವುದು ಉಪಕಾರ. ಹೇಳಿದ ಮಗುವಿನ ಹೆಸರು ಹೊರಬೀಳದಂತೆ ಹೆಡ್‌ಮಾಸ್ಟರು ನೋಡಿಕೊಳ್ಳಬೇಕು. ಒಮ್ಮೆ ಬಯಲಾದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಹೊಡೆತವನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯೇ ನಿಷೇಧಿಸಿದೆ. ಎಲ್ಲರೆದುರು ಕೆನ್ನೆಗೆ ಬಾರಿಸುವುದು, ಜಾತಿ, ಬಣ್ಣ, ಬಡತನ ಎತ್ತಿ ಆಡುವುದು ಹರೆಯದ ಮನಸ್ಸಿನಲ್ಲಿ ಕೆಂಡ ಇಟ್ಟಂತೆ. ಕಾಟ ಕೊಡುವ ಮಗುವನ್ನೂ ಕಾಟ ತಿಂದ ಮಗುವನ್ನೂ ಬೇರೆಬೇರೆಯಾಗಿ ಕರೆದು ವಿಚಾರಿಸಿ, ಇಬ್ಬರ ಮನೆಯವರಿಗೂ ತಿಳಿಸುವುದು ಸರಿಯಾದ ದಾರಿ.

ಗಾಯವಾದಾಗ

ಗುಂಡೇಟಾಗಲಿ ಚಾಕು ಇರಿತವಾಗಲಿ, ಮೊದಲು ಜೀವ ತೆಗೆಯುವುದು ರಕ್ತಸ್ರಾವ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಹೀಗೆ ಮಾಡಿ:

- ಶುದ್ಧ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿ. ನಿಂತಿತೇ ಎಂದು ಪದೇಪದೇ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಿ.
- ಚುಚ್ಚಿಕೊಂಡ ಚಾಕುವನ್ನು ಕೀಳಬೇಡಿ. ಕಿತ್ತರೆ ರಕ್ತ ಚಿಮ್ಮುತ್ತದೆ. ಅದು ಅಲುಗಾಡದಂತೆ ಸುತ್ತ ಬಟ್ಟೆ ಇಡಿ.
- ಕೈ ಅಥವಾ ಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ಮೂರು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿ. ಕಟ್ಟಿದ ಸಮಯ ಬರೆದಿಡಿ, ಆಸ್ಪತ್ರೆಯವರೇ ಬಿಚ್ಚಲಿ.
- ಅರಿಶಿನ, ಕಾಫಿಪುಡಿ, ಸುಣ್ಣ ತುಂಬಬೇಡಿ. ನೀರು, ಕಾಫಿ ಕುಡಿಸಬೇಡಿ. ಮಲಗಿಸಿ, ಮೈಗೆ ಹೊದಿಸಿ. ಎದೆಗೆ ಗಾಯವಾಗಿ ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ.

'ಪೊಲೀಸ್ ಕೇಸು, ಯಾರಿಗೆ ಬೇಕು' ಎಂದು ಹಿಂಜರಿಯಬೇಡಿ. ಕಾನೂನಿನ ವಿಧಿವಿಧಾನ ಏನೇ ಇರಲಿ, ಗಾಯಾಳುವಿನ ಪ್ರಾಣ ಉಳಿಸುವುದು ಮೊದಲು, ಯಾವ ವೈದ್ಯರೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅದು ಸರ್ಕಾರಿ ಆಸ್ಪತ್ರೆಗೂ ಅನ್ವಯಿಸುತ್ತದೆ, ಖಾಸಗಿ ನರ್ಸಿಂಗ್ ಹೋಮಿಗೂ ಅನ್ವಯಿಸುತ್ತದೆ.

ಮೊಮ್ಮಕ್ಕಳು ಅಲ್ಲಿರುವ ಹಿರಿಯರಿಗೆ

ಅಮೆರಿಕದ ಬಹುಪಾಲು ಶಾಲೆಗಳಲ್ಲಿ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಕೂರುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸುತ್ತಾರೆ. ಮೊಮ್ಮಗಳು ಫೋನಿನಲ್ಲಿ ಅದನ್ನು ಹೇಳಿದರೆ ಗಾಬರಿಯಿಂದ ಹತ್ತು ಪ್ರಶ್ನೆ ಕೇಳಬೇಡಿ. 'ಮೇಷ್ಟರು ಹೇಳಿದ ಹಾಗೆ ಮಾಡಿದೆಯಲ್ಲ, ಜಾಣೆ' ಎಂದರೆ ಸಾಕು. ಮಗ, ಸೊಸೆಗೆ ಹೇಳಬೇಕಾದ ಮಾತು ಒಂದಿದೆ. ಮಗುವನ್ನು ಗೆಳೆಯರ ಮನೆಗೆ ಆಟಕ್ಕೆ ಕಳಿಸುವಾಗ 'ನಿಮ್ಮ ಮನೆಯಲ್ಲಿ ಬಂದೂಕಿದೆಯೇ, ಬೀಗದಲ್ಲಿದೆಯೇ?' ಎಂದು ಕೇಳುವಂತೆ ಅಲ್ಲಿನ ಮಕ್ಕಳ ವೈದ್ಯರೇ ಸಲಹೆ ಮಾಡುತ್ತಾರೆ. ನಾಯಿ ಇದೆಯೇ, ಕಟ್ಟಿದ್ದೀರಾ ಎಂದು ನಾವು ಕೇಳುವುದಿಲ್ಲವೇ, ಹಾಗೆಯೇ ಇದೂ. ಇದರಲ್ಲಿ ಸಂಕೋಚವೇನಿಲ್ಲ.

ಬಂದೂಕು ಯಾರ ಹಕ್ಕು ಎಂಬುದನ್ನು ಶಾಸನಸಭೆಗಳೂ ನ್ಯಾಯಾಲಯಗಳೂ ತೀರ್ಮಾನಿಸಲಿ. ಬೀರುವಿನ ಬೀಗ, ಔಷಧಿ ಪೆಟ್ಟಿಗೆಯ ಬೀಗ, ಮಗುವಿನ ಜೊತೆ ದಿನಕ್ಕೆ ಹತ್ತು ನಿಮಿಷದ ಮಾತು - ಈ ಮೂರನ್ನು ತೀರ್ಮಾನಿಸುವವರು ನೀವು. ಈ ಭಾನುವಾರ ಮಕ್ಕಳು ಆಟಕ್ಕೆ ಹೋದಾಗ ಮನೆಯ ಅಟ್ಟ, ಹಟ್ಟಿ, ಬೀರುಗಳನ್ನೊಮ್ಮೆ ನೋಡಿ ಬನ್ನಿ.